ಸೂರಿಲ್ಲದ ಕಾರಿಗೆ ಬೆಚ್ಚನೆಯ ಸೀಟು

ಇಂಗ್ಲೆಂಡಿನ ಅಕ್ಟೋಬರ್ ಬೆಳಗು. ಬಿಸಿಲಿರುತ್ತದೆ, ಅದರಲ್ಲಿ ಕಾವಿರುವುದಿಲ್ಲ. ಅಂಥ ಹೊತ್ತಿನಲ್ಲೂ ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಹಾಕಿ, ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದು, ಕೊರಳಿಗೆ ಮಫ್ಲರ್ ಸುತ್ತಿಕೊಂಡು ಹಳೆಯ ಎಂಜಿಬಿ ಕಾರು ಓಡಿಸುವವರು ಅಲ್ಲಿನ ಹಳ್ಳಿರಸ್ತೆಗಳಲ್ಲಿ ಎದುರಾಗುತ್ತಾರೆ. ಕಿಟಕಿ ಏರಿಸಿಕೊಂಡು ಹೋಗುವವರಿಗೆ ಇದೆಂಥ ಹುಚ್ಚು ಅನ್ನಿಸಿದರೆ ತಪ್ಪಿಲ್ಲ. ಆದರೆ ಆ ಹುಚ್ಚಿನವರಲ್ಲಿ ಕೆಲವರ ಬೆನ್ನು ಬೆಚ್ಚಗಿರುತ್ತದೆ. ಸೀಟಿನ ತೊಗಲಿನ ಅಡಿಯಲ್ಲಿ, ಕಾರಿನ ಜೊತೆಗೆ ಹುಟ್ಟಿರದ ಒಂದು ಬಿಸಿ ಹಾಸು ಅಡಗಿ ಕೂತಿರುತ್ತದೆ.

ಎಂಜಿ ಎಂದರೆ ನಮಗೀಗ ನೆನಪಾಗುವುದು ಹೆಕ್ಟರ್. ಆ ಎರಡಕ್ಷರದ ಮೂಲ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. ಅಲ್ಲಿಗೆ ಹತ್ತಿರದ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿಗಳು, ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ, ಸುಮಾರು 5 ಲಕ್ಷ. 1798 ಸಿಸಿ ಎಂಜಿನ್, ಎರಡು ಸೀಟು, ಮೇಲೆ ಆಕಾಶ. ಮೊದಮೊದಲ ಕಾರುಗಳಲ್ಲಿ ಹೀಟರ್ ಬೇಕೆಂದರೂ ಬೇರೆ ದುಡ್ಡು ಕೊಡಬೇಕಿತ್ತು. ತೆರೆದ ಕಾರು ಓಡಿಸುವವನಿಗೆ ಚಳಿ ತಡೆಯುವ ಮೈಯೂ ಇರಬೇಕು ಎಂಬುದು ಆ ಕಾಲದ ಲೆಕ್ಕ. ಕೋಟು, ಕಂಬಳಿ, ಮಧ್ಯಕ್ಕೆ ಜಿಪ್ ಇದ್ದ ಟಾನೋ ಕವರು. ಪಕ್ಕದ ಸೀಟನ್ನು ಆ ಕವರಿನಲ್ಲಿ ಮುಚ್ಚಿ, ಚಾಲಕ ತನ್ನ ಪಾಲಿನ ಅರ್ಧವನ್ನಷ್ಟೇ ತೆರೆದುಕೊಂಡು ಹೋಗಬಹುದಿತ್ತು.

ಅಂದಿನ ಮಾಲೀಕರಿಗೆ ಈಗ ಎಪ್ಪತ್ತು ದಾಟಿದೆ. ಕಾರಿನ ಮೇಲಿನ ಆಸೆ ಹೋಗಿಲ್ಲ, ಸೊಂಟ ಕೇಳುವುದಿಲ್ಲ. ರಸ್ತೆಗೆ ಉಪ್ಪು ಸುರಿಯುವ ನಡುಚಳಿಗಾಲದಲ್ಲಿ ತುಕ್ಕಿಗೆ ಹೆದರಿ ಕಾರನ್ನು ಶೆಡ್ಡಿನಲ್ಲಿ ಇಡುತ್ತಾರೆ, ಸರಿ. ಆದರೆ ಅದರ ಆಚೆ ಈಚೆಗಿನ ಮಾರ್ಚ್, ಅಕ್ಟೋಬರ್ ತಿಂಗಳುಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಬಿಸಿ ಸೀಟಿನ ಕೆಲಸ ಹುಟ್ಟುವುದು ಇಲ್ಲಿ.

ಉಪಾಯ ಹೊಸದಲ್ಲ. ಅಮೆರಿಕದ ಕ್ಯಾಡಿಲಾಕ್ 1966ರ ಮಾದರಿಗಳಲ್ಲೇ ಹೆಚ್ಚುವರಿ ಹಣಕ್ಕೆ ಸೀಟು ಕಾಯಿಸುವ ಸೌಲಭ್ಯ ಕೊಟ್ಟಿತ್ತು. 1970ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್, ಚಾಲಕನ ಸೀಟಿಗೆ ಅದನ್ನು ಕಾರಿನ ಜೊತೆಗೇ ಸೇರಿಸಿತು. ಮುಚ್ಚಿದ ಕಾರಿನಲ್ಲಿ ಇದೊಂದು ಸುಖ, ತೆರೆದ ಕಾರಿನಲ್ಲಿ ಹೆಚ್ಚುಕಡಿಮೆ ಇದೇ ಏಕೈಕ ದಾರಿ. ಹೀಟರ್ ಕಾಯಿಸಿದ ಗಾಳಿ ಗಾಳಿಪಾಲಾಗುತ್ತದೆ. ಸೀಟಿನ ಶಾಖ ಮೈಗೆ ತಾಗಿಕೊಂಡೇ ಇರುವುದರಿಂದ ಎಲ್ಲಿಗೂ ಹಾರಿಹೋಗುವುದಿಲ್ಲ. ಬಿಸಿನೀರಿನ ಚೀಲವನ್ನು ಬೆನ್ನಿಗೆ ಒತ್ತಿಕೊಂಡ ಹಾಗೆ.

ಕೆಲಸ ಶುರುವಾಗುವುದು ಕಾರಿನ ಅಡಿಯಿಂದ. ಸೀಟಿನ ಹಳಿಗಳು ಮರದ ಪಟ್ಟಿಗಳ ಮೇಲೆ ಕೂತು, ಬೋಲ್ಟುಗಳಲ್ಲಿ ನೆಲಕ್ಕೆ ಬಿಗಿದಿರುತ್ತವೆ. ಅರ್ಧ ಶತಮಾನದ ಮಳೆನೀರು ಕುಡಿದ ಬೋಲ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಸೀಟು ಹೊರಬಂದ ಮೇಲೆ ಬೋರಲು ಹಾಕಿ, ಕವರಿನ ಅಂಚು ಹಿಡಿದ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಒಳಗಿನ ಹಳೆಯ ಸ್ಪಂಜು ಎಷ್ಟೋ ಸಲ ಕೈಗೆ ಹಿಟ್ಟಿನಂತೆ ಉದುರುತ್ತದೆ. ಹಾಗಾಗಿ ಬಿಸಿ ಸೀಟು ಹಾಕಿಸಬೇಕೆನ್ನುವವರು ಹೊಸ ಸ್ಪಂಜು, ಹೊಸ ಕವರು ಹಾಕಿಸುವ ಕಾಲಕ್ಕೆ ಕಾಯುವುದು ಜಾಣತನ. ಒಂದೇ ಸಲ ಬಿಚ್ಚಿ, ಒಂದೇ ಸಲ ಮುಚ್ಚಬಹುದು.

ಹಾಸು ಎಂದೆನಲ್ಲ, ಅದು ತೆಳ್ಳನೆಯ ಬಟ್ಟೆಯಂಥ ಪಟ್ಟಿ, ಒಳಗೆ ಕಾರ್ಬನ್ ನಾರು. ಒಂದು ಸೀಟಿಗೆ ಎರಡು, ಕೂರುವ ಭಾಗಕ್ಕೊಂದು, ಬೆನ್ನಿಗೊಂದು. ಹಿಂದಿನ ಹಾಸುಗಳಲ್ಲಿ ಉದ್ದನೆಯ ತಂತಿಯೊಂದೇ ಸುತ್ತಾಡುತ್ತಿತ್ತು, ಎಲ್ಲಾದರೂ ತುಂಡಾದರೆ ಇಡೀ ಹಾಸು ತಣ್ಣಗೆ. ಕಾರ್ಬನ್ ನಾರಿನಲ್ಲಿ ವಿದ್ಯುತ್ತಿಗೆ ನೂರು ಕಾಲುದಾರಿ, ಒಂದು ಮುಚ್ಚಿದರೆ ಇನ್ನೊಂದು. ಅಂಟಿನ ಪಟ್ಟಿಯಿಂದ ಇದನ್ನು ಸ್ಪಂಜಿನ ಮೇಲೆ ಅಂಟಿಸುವಾಗ ಸುಕ್ಕು ಬೀಳಬಾರದು. ಮಡಿಕೆ ಬಿದ್ದಲ್ಲಿ ಶಾಖ ಒಟ್ಟಾಗಿ ಅಷ್ಟು ಜಾಗ ಸುಡುತ್ತದೆ. ಅಂಗೈ ಸವರಿದರೆ ಹಾಸು ಎಲ್ಲಿ ಶುರುವಾಯಿತೆಂದು ತಿಳಿಯದಿದ್ದರೆ ಕೆಲಸ ಸರಿಯಾಯಿತೆಂದು ಲೆಕ್ಕ. ಕೊನೆಗೆ ತೊಗಲು ಅಥವಾ ರೆಕ್ಸಿನ್ ಕವರನ್ನು ಹದವಾಗಿ ಬಿಸಿ ಮಾಡಿ ಮೆತ್ತಗಾಗಿಸಿ, ಹೊಲಿಗೆಯ ಗೆರೆ ಅಂಕುಡೊಂಕಾಗದಂತೆ ಎಳೆದು ಕೂರಿಸುತ್ತಾರೆ. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯ ಕುಶನ್ ಕೆಲಸದವರಿಗೆ ಈ ಎಳೆತದ ಹದ ಬಿಡಿಸಿ ಹೇಳಬೇಕಿಲ್ಲ.

ಹೊಲಿಗೆ ಅರ್ಧ ಕೆಲಸ, ಕರೆಂಟು ಇನ್ನರ್ಧ. 1967ಕ್ಕೂ ಹಿಂದಿನ ಎಂಜಿಬಿಗಳಲ್ಲಿದ್ದದ್ದು ಡೈನಮೋ. ಅದು ತನ್ನೆಲ್ಲ ಶಕ್ತಿ ಹಾಕಿದರೂ ಕೊಡುತ್ತಿದ್ದದ್ದು 22 ಆಂಪಿಯರ್. ಎಂಜಿನ್ ಸುಮ್ಮನೆ ಗುರುಗುಡುವಾಗ ಅದೂ ಇಲ್ಲ. ರಾತ್ರಿ ಹೆಡ್‌ಲೈಟು, ವೈಪರು, ಹೀಟರಿನ ಫ್ಯಾನು ಒಟ್ಟಿಗೆ ಹಾಕಿದರೆ ಸಂಬಳ ಅಲ್ಲಿಗೇ ಮುಗಿಯಿತು. ಬಿಸಿ ಸೀಟು ಒಂದಕ್ಕೆ ಸುಮಾರು 4 ಆಂಪಿಯರ್, ಎರಡಕ್ಕೆ 8. ಅದನ್ನು ಬ್ಯಾಟರಿಯಿಂದ ಸಾಲ ತರಬೇಕು. ಆ ಕಾರುಗಳ ಬ್ಯಾಟರಿಯೋ, 6 ವೋಲ್ಟಿನ ಎರಡು, ಸೀಟುಗಳ ಹಿಂದೆ ನೆಲದಡಿಯಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಈ ಹಾಸಿಗೂ ಸಲ್ಲುತ್ತದೆ. ಆದ್ದರಿಂದ ಕೆಲವರು ಮೊದಲು ಡೈನಮೋ ತೆಗೆಸಿ, ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಹಾಕಿಸಿಕೊಳ್ಳುತ್ತಾರೆ.

ಇನ್ನೊಂದು ಕಗ್ಗಂಟೂ ಇದೆ. ಆ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ, ಇಂದಿನ ಪದ್ಧತಿಗೆ ಪೂರ್ತಿ ಉಲ್ಟಾ. ಕಾಯುವ ನಾರಿಗೆ ಪ್ಲಸ್ಸು ಮೈನಸ್ಸಿನ ಭೇದವಿಲ್ಲ, ಕರೆಂಟು ಯಾವ ಕಡೆಯಿಂದ ಬಂದರೂ ಬಿಸಿಯಾಗುತ್ತದೆ. ಜೊತೆಗೆ ಬರುವ ಎಲೆಕ್ಟ್ರಾನಿಕ್ ನಿಯಂತ್ರಕ ಮಾತ್ರ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಹೀಗಾಗಿ ವೈರಿಗೆ ಕೈ ಹಾಕುವ ಮೊದಲು ಬ್ಯಾಟರಿಯನ್ನು ಕಣ್ಣಾರೆ ನೋಡಬೇಕು. ಆಮೇಲೆ ರಿಲೇ, ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ಸೀಟಿಗೆ ಕರೆಂಟು ಹೋಗುವಂತೆ. ಅದಕ್ಕೆಂದೇ ಪ್ರತ್ಯೇಕ ಫ್ಯೂಸ್. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ರಚನೆ ಹೆಚ್ಚು ಬದಲಾಗದ ಕಾರಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ತಪ್ಪು ತೋರಿಸಲು ಅಧಿಕಾರಿ ಬರುವುದಿಲ್ಲವಾದ್ದರಿಂದ ಆ ಕೆಲಸ ಫ್ಯೂಸಿನದು.

ಸ್ವಿಚ್ಚಿನ ವಿಷಯಕ್ಕೆ ಬಂದರೆ ಚರ್ಚೆ ಶುರು. ದುಂಡನೆಯ ಮೀಟರುಗಳ ಆ ಡ್ಯಾಶ್‌ಬೋರ್ಡಿನಲ್ಲಿ ಹೊಸ ತೂತು ಕೊರೆದರೆ ಅದು ಮತ್ತೆ ಮುಚ್ಚುವುದಿಲ್ಲ. ಬಲ್ಲವರು ಸ್ವಿಚ್ಚನ್ನು ಡ್ಯಾಶಿನ ಅಡಿಯ ಸಣ್ಣ ಪಟ್ಟಿಗೋ ಗ್ಲೌಬಾಕ್ಸಿನ ಒಳಗೋ ಸೇರಿಸಿ, ವೈರನ್ನು ಕಾರ್ಪೆಟ್ಟಿನಡಿ ಸಾಗಿಸುತ್ತಾರೆ. ಮೂಲ ವೈರನ್ನು ಕತ್ತರಿಸುವುದಿಲ್ಲ, ಮೂಲ ಲೋಹವನ್ನು ಕೊರೆಯುವುದಿಲ್ಲ. ನಾಳೆ ಇನ್ನೊಬ್ಬ ಮಾಲೀಕ ಬಂದು ಇದು ಬೇಡ ಎಂದರೆ, ಒಂದು ಮಧ್ಯಾಹ್ನದಲ್ಲಿ ಎಲ್ಲ ಬಿಚ್ಚಿ ಕಾರು ಹಿಂದಿನಂತಾಗಬೇಕು. ಬಿಚ್ಚಿದ ಮೇಲೆ ಕುರುಹು ಉಳಿಯದಿರುವುದು ಈ ಕಸುಬಿನ ನಿಜವಾದ ಪರೀಕ್ಷೆ. ಹಳೆಯ ಕಾರಿಗೆ ನಾವೆಲ್ಲ ಒಂದಷ್ಟು ಕಾಲದ ಬಾಡಿಗೆದಾರರು. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಯೋಚಿಸಬೇಕು.

ಬಳಸುವವರಿಗೂ ಒಂದು ಎಚ್ಚರಿಕೆ. ಮಳೆ ಬಂತೆಂದು ಅವಸರದಲ್ಲಿ ಟಾಪು ಎಳೆಯುವಾಗ ಸೀಟಿನ ಮೇಲೆ ಮಂಡಿಯೂರುವ ಅಭ್ಯಾಸವನ್ನು ಬಿಡಬೇಕು. ಕೂತ ಮೈ ಭಾರ ಹಂಚಿಕೊಳ್ಳುತ್ತದೆ. ಮಂಡಿ ಒಂದೇ ಕಡೆ ಚುಚ್ಚಿ ನಾರು ಮುರಿಯುತ್ತದೆ.

ಅಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಕೊನೆಯ ಎಂಜಿಬಿ ರೋಡ್‌ಸ್ಟರ್ ಈಗ ಅದೇ ಊರಿನ ಕೌಂಟಿ ಹಾಲ್ ಮ್ಯೂಸಿಯಂನಲ್ಲಿದೆ. 2011ರ ಡಿಸೆಂಬರಿನಲ್ಲಿ ಅದನ್ನು ಸುಮಾರು 30 ಅಡಿ ಮೇಲಕ್ಕೆತ್ತಿ, ಕೆಲವೇ ಅಂಗುಲ ಬಿಡುವಿದ್ದ ಕಿಟಕಿಯಿಂದ ಒಳಗೆ ಸೇರಿಸಿದರು. ಆ ಸೀಟನ್ನು ಯಾರೂ ಮುಟ್ಟಬಾರದು, ಅದು ಹುಟ್ಟಿದ ಹಾಗೆಯೇ ಇರಲಿ. ಅಲ್ಲಿ ಮಳೆಯಿಲ್ಲ, ಚಳಿಯಿಲ್ಲ, ಅದರ ಮೇಲೆ ಕೂರುವವರೂ ಇಲ್ಲ. ಬಿಸಿ ಹಾಸು ಬೇಕಿರುವುದು ಆ ಕಿಟಕಿಯ ಹೊರಗೆ, ಇನ್ನೂ ರಸ್ತೆಯ ಮೇಲಿರುವ ಅದರ ಅಣ್ಣತಮ್ಮಂದಿರಿಗೆ.