ಲೇಸರ್ ಕನ್ನಡಿಗೆ ಲೋಹ ಸಾಲದೆ?

ಪ್ರಶ್ನೆ: ಲೇಸರ್ ಕನ್ನಡಿಗೆ ಲೋಹ ಬಳಿದರೆ ಸಾಲದೆ? ಇಂಥ ಕೆಲಸ ನಮ್ಮೂರಿನ ಕಂಪನಿಗಳಿಗೆ ಆದೀತೆ?
– ಓದುಗರು, ಹಲಸೂರು

ಉತ್ತರ: ಸಾಲದು. ಅಲ್ಯೂಮಿನಿಯಂ ಹಿಂದಿರುಗಿಸುವುದು ಸುಮಾರು ಶೇ. 90 ಬೆಳಕನ್ನಷ್ಟೇ, ಉಳಿದದ್ದು ಶಾಖವಾಗುತ್ತದೆ, ಪ್ರಬಲ ಲೇಸರ್ ತಾಗಿದರೆ ಲೇಪವೇ ಸುಟ್ಟುಹೋಗುತ್ತದೆ. ಅದಕ್ಕೇ ನಿರ್ವಾತದಲ್ಲಿ ಎರಡು ಬಗೆಯ ಆಕ್ಸೈಡ್‌ಗಳನ್ನು ಒಂದರ ಮೇಲೊಂದು ಪದರವಾಗಿ ಕೂರಿಸುತ್ತಾರೆ. 1064 ನ್ಯಾನೋಮೀಟರ್ ಲೇಸರಿಗಾದರೆ, ಅವುಗಳಲ್ಲೊಂದಾದ ಸಿಲಿಕಾದ ಪದರದ ದಪ್ಪ ಸುಮಾರು 183 ನ್ಯಾನೋಮೀಟರ್. ಪದರಪದರದಿಂದ ಮರಳುವ ಅಲೆಗಳು ಕೂಡಿಕೊಂಡು ಪ್ರತಿಫಲನ ಶೇ. 99.9 ದಾಟುತ್ತದೆ.

ಈ ನಿರ್ವಾತ ಲೇಪನದಲ್ಲಿ ಬೆಂಗಳೂರಿನದು ಪಳಗಿದ ಕೈ. 1965ರಲ್ಲಿ ಶುರುವಾದ ಇಲ್ಲಿನ ಹಿಂದ್ ಹೈ ವ್ಯಾಕ್ಯೂಮ್ ಕಂಪನಿಯೇ ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರ್ ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಲೇಪಿಸುವ ಯಂತ್ರವನ್ನು ಆರೀಸ್ ಸಂಶೋಧನಾ ಸಂಸ್ಥೆಗೆ ಕಟ್ಟಿಕೊಟ್ಟಿತು. ಆದೀತೆ ಎಂದು ಕೇಳಿದಿರಿ, ಖಂಡಿತ ಆಗುತ್ತದೆ. ಪ್ರಯೋಗಾಲಯಗಳು ಮೊದಲ ಆರ್ಡರನ್ನು ಧೈರ್ಯವಾಗಿ ಇಲ್ಲಿನವರಿಗೇ ಕೊಡಬೇಕು.