ಯಾರ ಕೊರಳಿಗೆ ಯಾವ ಹಾಡು?

1730ನೆಯ ಇಸವಿಯ ಆಗಸ್ಟ್ 23ರಂದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಸಂಗೀತದ ಉಪಾಧ್ಯಾಯನೊಬ್ಬನು ತನ್ನ ಶಾಲೆಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ತೂಗಿ ನೋಡಿ, ಹೆಸರು ಹೆಸರು ಹಿಡಿದು, ಒಂದು ಪಟ್ಟಿಯನ್ನು ಬರೆದು ಮುಗಿಸಿದನು. ಕೆಲಸಕ್ಕೆ ಬರುವವರು 17 ಮಂದಿ; ಇನ್ನೂ ಪಳಗಬೇಕಾದವರು 20 ಮಂದಿ; ಎಂದೆಂದಿಗೂ ಪ್ರಯೋಜನಕ್ಕೆ ಬಾರದವರು 17 ಮಂದಿ. ಒಟ್ಟು 54. ಈ ಕಹಿಯಾದ ಲೆಕ್ಕವನ್ನು ನಗರಸಭೆಯ ಹಿರಿಯರಿಗೆ ಒಪ್ಪಿಸಿದ ಉಪಾಧ್ಯಾಯನ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್.

ತ್ಯಾಗರಾಜರ ಹೆಸರು ಕೇಳಿದೊಡನೆ ನಮ್ಮ ಸಂಗೀತಗಾರರು ಕೈಮುಗಿಯುವಂತೆ ಬಾಖ್‌ನ ಹೆಸರಿಗೆ ಪಶ್ಚಿಮದ ಸಂಗೀತಗಾರರು ಇಂದು ತಲೆಬಾಗುತ್ತಾರೆ. ಆದರೆ ಅಂದಿನ ಲೈಪ್‌ಜಿಗ್ಗಿನಲ್ಲಿ ಆತ ಸಂತ ಥಾಮಸ್ ಶಾಲೆಯ ‘ಕ್ಯಾಂಟರ್’, ಎಂದರೆ ಸಂಬಳದ ಮೇಲಿನ ಸಂಗೀತಾಧ್ಯಾಪಕ. ಅದೂ ನಗರಸಭೆಯವರು ಮೊದಲು ಬಯಸಿದ ಟೆಲಿಮನ್, ಗ್ರೌಪ್ನರ್ ಇಬ್ಬರೂ ಕೈಗೆ ಸಿಗದೆ ಹೋದ ಮೇಲೆ 1723ರಲ್ಲಿ ಆತನಿಗೆ ದೊರೆತ ಉದ್ಯೋಗ. ಭಾನುವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ನಗರದ ಚರ್ಚುಗಳಲ್ಲಿ ಏನು ಹಾಡಬೇಕು, ಅದನ್ನು ಯಾರು ಹಾಡಬೇಕು ಎಂಬುದನ್ನು ಗೊತ್ತುಮಾಡುವುದು ಆತನ ಹೊಣೆ.

ಕೇಳುವುದಕ್ಕೆ ಇದು ಹಗುರವಾದ ಕೆಲಸವೆಂದು ತೋರಬಹುದು. ನಮ್ಮಲ್ಲಿ ಕೃತಿಯೊಂದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯುತ್ತದೆ. ಪುಸ್ತಕವಿದ್ದರೂ ಅದು ನೆನಪಿಗೆ ಊರುಗೋಲು ಮಾತ್ರ. ಶಿಷ್ಯನ ಶಾರೀರ ತಗ್ಗಿನದಾದರೆ ಶ್ರುತಿಯನ್ನು ಒಂದು ಮನೆ ಇಳಿಸಿದರಾಯಿತು. ಸಂಗತಿಗಳು ಕಷ್ಟವಾದರೆ ಎರಡನ್ನು ಬಿಟ್ಟರಾಯಿತು. ಪಶ್ಚಿಮದ ವೃಂದಗಾನದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ನಾಲ್ಕು ಪಂಗಡದವರು ನಾಲ್ಕು ಬೇರೆ ಬೇರೆ ಎಳೆಗಳನ್ನು ಏಕಕಾಲದಲ್ಲಿ ಹಾಡುತ್ತಾರೆ. ಎಲ್ಲಕ್ಕಿಂತ ಮೇಲಿನ ದನಿ ಸೊಪ್ರಾನೊ. ಅದರ ಕೆಳಗೆ ಆಲ್ಟೊ. ಗಂಡುದನಿಗಳಲ್ಲಿ ಎತ್ತರದ್ದು ಟೆನರ್. ಎಲ್ಲಕ್ಕೂ ತಳಹದಿಯಾಗಿ ಬಾಸ್. ಒಬ್ಬೊಬ್ಬನೂ ತನ್ನ ಎಳೆಯನ್ನು ಸ್ವರಲಿಪಿಯ ಹಾಳೆಯಿಂದ ಓದಿಕೊಂಡು ಹಾಡಬೇಕು. ಒಂದು ಎಳೆ ಕಡಿದರೆ ನೇಯ್ಗೆಯೇ ಬಿಚ್ಚಿಹೋಗುತ್ತದೆ. ಟೆನರಿನವನು ಬಳಲುತ್ತಾನೆಂದು ಶ್ರುತಿ ಇಳಿಸಿದರೆ ಬಾಸಿನವನು ಪಾತಾಳಕ್ಕೆ ಇಳಿಯಬೇಕಾಗುತ್ತದೆ. ಆದಕಾರಣ ಹಾಳೆಯನ್ನು ಆರಿಸಿದ ಗಳಿಗೆಯಲ್ಲಿಯೇ ಮೇಳದ ಹಣೆಬರಹ ಮುಕ್ಕಾಲು ಪಾಲು ತೀರ್ಮಾನವಾಗಿಬಿಟ್ಟಿರುತ್ತದೆ.

ಬಾಖ್‌ನ ಹುಡುಗರು ಹಂಚಿಹೋಗಬೇಕಾಗಿದ್ದುದು ನಾಲ್ಕು ಚರ್ಚುಗಳಿಗೆ: ಸಂತ ಥಾಮಸ್, ಸಂತ ನಿಕೋಲಾಸ್, ‘ಹೊಸ ಚರ್ಚು’ ಮತ್ತು ಸಂತ ಪೀಟರ್. ನಾಲ್ಕಕ್ಕೂ ನಾಲ್ಕು ಮೇಳ. ಮೊದಲನೆಯ ಮೇಳದ ಪಾಲಿಗೆ ಬರುತ್ತಿದ್ದುದು ಕಂಟಾಟ, ಅಂದರೆ ಆ ದಿನದ ಬೈಬಲ್ ಪಾಠಕ್ಕೆ ಹೊಂದುವಂತೆ ರಚಿಸಿದ, ವಾದ್ಯಗಳೊಡನೆ ಇಪ್ಪತ್ತು ಮೂವತ್ತು ನಿಮಿಷ ಹಾಡುವ ದೊಡ್ಡ ಕೃತಿ. ಎರಡನೆಯ ಮೇಳ ಹಬ್ಬದ ದಿನಗಳಲ್ಲಿ ಮಾತ್ರ ಅಂಥದನ್ನು ಹಾಡುತ್ತಿತ್ತು. ಅದಕ್ಕಾಗಿ ಬೇರೆಯವರ ಸುಲಭವಾದ ರಚನೆಗಳು. ಮೂರನೆಯದಕ್ಕೆ ಮೊಟೆಟ್ಟುಗಳೂ ಕೊರಾಲ್‌ಗಳೂ. ಸಂತ ಪೀಟರ್ ಚರ್ಚಿಗೆ ಹೋಗುತ್ತಿದ್ದ ನಾಲ್ಕನೆಯ ಮೇಳವಂತೂ ಉಳಿದ ಕೂಳೆ. ಸಂಗೀತದ ಗಂಧವಿಲ್ಲದವರು, ಒಂದು ಕೊರಾಲನ್ನು ಹೇಗೋ ಹಾಡಿ ದಡ ಮುಟ್ಟಿಸಬಲ್ಲವರು ಅಲ್ಲಿಗೆ ಹೋಗುತ್ತಾರೆಂದು ಬಾಖ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕೊರಾಲ್ ಎಂಬುದು ಲೂಥರನ ಕಾಲದಿಂದ ಬಂದ ಸಭಾಗೀತೆ. ನಮ್ಮ ದೇವರನಾಮದಂತೆ ಊರಿಗೆ ಊರೇ ಬಲ್ಲ ಸರಳವಾದ ಮಟ್ಟು.

ಒಂದು ಮೇಳಕ್ಕೆ ಎಷ್ಟು ಜನ ಬೇಕು? ಕಡಮೆಯೆಂದರೆ 12 ಎಂದು ಬಾಖ್ ಬರೆದನು, ಎಳೆಗೆ ಮೂವರು. ಅದಕ್ಕೆ ಆತ ಕೊಟ್ಟ ಕಾರಣ ಕಲೆಯದಲ್ಲ, ವೈದ್ಯದ್ದು. ಒಬ್ಬನು ಕಾಯಿಲೆ ಬಿದ್ದರೂ ಎಳೆಗೆ ಇಬ್ಬರು ಉಳಿಯುತ್ತಾರೆ, ಎರಡು ಗುಂಪುಗಳ ಮೊಟೆಟ್ಟನ್ನಾದರೂ ಹಾಡಿಸಬಹುದು. ಆ ಋತುವಿನಲ್ಲಿ ಕಾಯಿಲೆ ಎಷ್ಟು ಸಾಮಾನ್ಯವೆಂಬುದಕ್ಕೆ ಶಾಲೆಯ ವೈದ್ಯರು ಬರೆದ ಔಷಧದ ಚೀಟಿಗಳೇ ಸಾಕ್ಷಿ ಎಂದು ಆತ ತೋರಿಸುತ್ತಾನೆ. 16 ಜನರಿದ್ದರೆ ಇನ್ನೂ ಒಳ್ಳೆಯದಂತೆ. ಹಾಗಾದರೆ ಕೆಲಸಕ್ಕೆ ಬರುವ 17 ಹುಡುಗರು ಒಂದೇ ಮೇಳಕ್ಕೆ ಮುಗಿದುಹೋದರು! ಸಾಲದುದಕ್ಕೆ, ವಾದ್ಯ ನುಡಿಸಲು ನಗರಸಭೆ ಕೊಟ್ಟಿದ್ದ ಎಂಟು ಜನ ಸಾಲದೆ, ಹಾಡಬಲ್ಲ ಹುಡುಗರಲ್ಲಿಯೇ ಕೆಲವರ ಕೈಗೆ ಪಿಟೀಲನ್ನು ಕೊಡಬೇಕಾಗುತ್ತಿತ್ತು.

ಇಷ್ಟು ಜನ ಕೈಲಾಗದವರು ಸಂಗೀತದ ಶಾಲೆಯೊಳಗೆ ಬಂದದ್ದಾದರೂ ಹೇಗೆ? ಹುಡುಗರನ್ನು ಪರೀಕ್ಷಿಸುವ ಕೆಲಸ ಕ್ಯಾಂಟರನದು, ಸೇರಿಸಿಕೊಳ್ಳುವ ಅಧಿಕಾರ ನಗರಸಭೆಯದು. 1729ರಲ್ಲಿ ಬಾಖ್ ಒಬ್ಬೊಬ್ಬ ಹುಡುಗನ ಶಾರೀರವನ್ನೂ ಪರೀಕ್ಷಿಸಿ ಅಭಿಪ್ರಾಯ ಬರೆದು ಕಳುಹಿಸಿದನು. ಸಭೆಯವರು ಆತ ಬೇಕೆಂದವರಲ್ಲಿ ಕೆಲವರನ್ನು ಬಿಟ್ಟು, ಬೇಡವೆಂದವರಲ್ಲಿ ಕೆಲವರನ್ನು ಸೇರಿಸಿಕೊಂಡರು. ಇದರಲ್ಲಿ ಶಿಫಾರಸಿನ ವಾಸನೆಯನ್ನು ಹುಡುಕುವುದು ಸುಲಭ. ಆದರೆ ಸಭೆಯವರ ಕಡೆಗೂ ಒಂದು ನ್ಯಾಯವಿತ್ತು. ಅದು ಬಡ ಹುಡುಗರಿಗೆ ಅನ್ನ, ವಸತಿ, ಲ್ಯಾಟಿನ್ ವಿದ್ಯೆಗಳನ್ನು ಕೊಡುತ್ತಿದ್ದ ಧರ್ಮಸಂಸ್ಥೆ. ದನಿ ಒಡಕಲೆಂಬ ಒಂದೇ ಕಾರಣಕ್ಕೆ ತಬ್ಬಲಿ ಹುಡುಗನನ್ನು ಬಾಗಿಲಿನಿಂದಾಚೆ ನಿಲ್ಲಿಸುವುದು ಯಾರಿಗಾದರೂ ಕಷ್ಟವೇ. ಆ 17 ಮಂದಿ ಕೆಲಸಕ್ಕೆ ಬಾರದವರೂ ಊಟದ ಮನೆಯಲ್ಲಿ ಉಳಿದವರೊಡನೆ ಒಂದೇ ಸಾಲಿನಲ್ಲಿ ಕುಳಿತಿರಬೇಕು.

ಬಾಖ್‌ನ ಬಿನ್ನಹಕ್ಕೆ ನಗರಸಭೆ ಉತ್ತರ ಕೊಟ್ಟ ದಾಖಲೆಯಿಲ್ಲ. ಎರಡು ತಿಂಗಳ ಮೇಲೆ, ಅಕ್ಟೋಬರ್ 28ರಂದು, ಆತ ಡಾನ್‌ಜಿಗ್‌ನಲ್ಲಿದ್ದ ಬಾಲ್ಯಮಿತ್ರ ಎರ್ಡ್‌ಮನ್‌ನಿಗೆ ಕಾಗದ ಬರೆದು, ಬೇರೆ ಉದ್ಯೋಗವೇನಾದರೂ ಸಿಕ್ಕೀತೇ ಎಂದು ವಿಚಾರಿಸಿದನು. ಶವಸಂಸ್ಕಾರದ ಹಾಡುಗಾರಿಕೆಗೆ ಸಲ್ಲುತ್ತಿದ್ದ ಸಂಭಾವನೆ ಆತನ ವರಮಾನದ ಒಂದು ಭಾಗ. ಹಿಂದಿನ ವರ್ಷ ಊರಿನ ಹವೆ ಆರೋಗ್ಯಕರವಾಗಿದ್ದುದರಿಂದ ನೂರು ಥಾಲರಿಗೂ ಮೀರಿ ನಷ್ಟವಾಯಿತೆಂದು ಆ ಕಾಗದದಲ್ಲಿ ಗೊಣಗಿದ್ದಾನೆ. ಬೇರೆ ಕೆಲಸ ಸಿಗಲಿಲ್ಲ. ಮುಂದಿನ ಇಪ್ಪತ್ತು ವರ್ಷ, 1750ರಲ್ಲಿ ಕಣ್ಣು ಮುಚ್ಚುವವರೆಗೆ, ಆತ ಅಲ್ಲಿಯೇ ಉಳಿದನು. ಇದ್ದ ಕೊರಳುಗಳಿಗೆ ಹೊಂದುವ ಹಾಳೆಗಳನ್ನು ಹುಡುಕುತ್ತಲೇ ಉಳಿದನು.

ಆ ಹುಡುಕಾಟವನ್ನು ನೋಡಿದರೆ ಬಾಖ್ ಎಂದರೆ ತನ್ನದನ್ನೇ ಹಾಡಿಸಿದ ಮಹಾಪುರುಷನೆಂಬ ಭಾವನೆ ಕರಗುತ್ತದೆ. ಪೂಜೆಯ ಆರಂಭದ ಮೊಟೆಟ್ಟಿಗೆ ಆತ ವಾರವಾರವೂ ಹೊಸದನ್ನು ಬರೆಯಲಿಲ್ಲ. ಬೋಡೆನ್‌ಷಾಟ್ಸ್ ಎಂಬ ಹಿಂದಿನ ಕ್ಯಾಂಟರನೊಬ್ಬನು 1618 ಮತ್ತು 1621ರಲ್ಲಿ ಎರಡು ಭಾಗಗಳಾಗಿ ಅಚ್ಚುಹಾಕಿಸಿದ್ದ ‘ಫ್ಲೋರಿಲೆಗಿಯುಂ ಪೋರ್ಟೆನ್ಸೆ’ ಎಂಬ ಸಂಗ್ರಹವೇ ನೂರು ವರ್ಷ ಕಳೆದರೂ ಹುಡುಗರ ಕೈಯಲ್ಲಿತ್ತು. ಹಾಳೆಗಳು ಸವೆದು ಹರಿದುಹೋಗುವಷ್ಟು ಬಳಕೆ. 1729ರಲ್ಲಿಯೂ 1737ರಲ್ಲಿಯೂ ಅದರ ಬೇರೆ ಪ್ರತಿಗಳನ್ನು ಕೊಂಡು ತರಿಸಬೇಕಾಯಿತು. 1726ರಲ್ಲಿ ಮೈನಿಂಗೆನ್ ಆಸ್ಥಾನದಲ್ಲಿದ್ದ ತನ್ನ ಬಂಧು ಯೋಹಾನ್ ಲುಡ್ವಿಗ್ ಬಾಖ್‌ನ 18 ಕಂಟಾಟಗಳನ್ನು ತರಿಸಿ, ಪ್ರತಿ ಮಾಡಿಸಿ ಹಾಡಿಸಿದನು. ಕಡೆಯ ದಶಕದಲ್ಲಿ ಇಟಲಿಯ ಪಾಲೆಸ್ಟ್ರೀನನ ಪುರಾತನ ಕೃತಿಯೊಂದನ್ನು ಎತ್ತಿಕೊಂಡಾಗ ಪ್ರತಿ ಎಳೆಗೂ ಟ್ರಾಂಬೋನ್ ಮೊದಲಾದ ಊದುವಾದ್ಯಗಳನ್ನು ಜೊತೆಗೂಡಿಸಿದನು. ಅದು ನಾದದ ಸೊಗಸಿಗೆ ಎನ್ನಬಹುದು. ಶ್ರುತಿ ತಪ್ಪುವ ಎಳೆಯರಿಗೆ ಅಂಥ ಜೊತೆವಾದ್ಯ ಊರೆಗೋಲಾಗುತ್ತದೆಂಬುದು ಮೇಳ ನಡೆಸಿದವರೆಲ್ಲರಿಗೂ ತಿಳಿದ ಗುಟ್ಟು. ಪೆರ್ಗೊಲೇಸಿಯ ಪ್ರಸಿದ್ಧವಾದ ‘ಸ್ಟಾಬಾಟ್ ಮಾಟೆರ್’ ಲ್ಯಾಟಿನ್ನಿನಲ್ಲಿತ್ತು, ಮರಿಯಮ್ಮನ ಸ್ತುತಿಯಾಗಿತ್ತು. ಲೂಥರನ ಚರ್ಚಿಗೆ ಒಗ್ಗದು. ಬಾಖ್ ಆ ಸ್ವರಗಳನ್ನು ಉಳಿಸಿಕೊಂಡು 51ನೆಯ ದಾವೀದ ಕೀರ್ತನೆಯನ್ನು ಆಧರಿಸಿದ ಜರ್ಮನ್ ಸಾಹಿತ್ಯವನ್ನು ಅದಕ್ಕೆ ಕೂಡಿಸಿದನು.

ಸ್ಥಳದ ತೊಂದರೆ ಬೇರೆ. 1724ರ ಶುಭ ಶುಕ್ರವಾರದಂದು ‘ಸಂತ ಯೋಹಾನನ ಪ್ಯಾಷನ್’ ಎಂಬ ಭಾರಿ ಕೃತಿಯನ್ನು ಸಂತ ಥಾಮಸ್ ಚರ್ಚಿನಲ್ಲಿ ಹಾಡಿಸುವುದೆಂದು ಬಾಖ್ ಪ್ರಕಟಣೆಯನ್ನೇ ಅಚ್ಚುಹಾಕಿಸಿದ್ದನು. ಸಭೆಯವರು ಸಂತ ನಿಕೋಲಾಸಿನಲ್ಲಿಯೇ ಆಗಬೇಕೆಂದು ಹಟ ಹಿಡಿದರು. ಅಲ್ಲಿ ಮೇಳ ನಿಲ್ಲಲು ಜಾಗವಿಲ್ಲ, ಹಾರ್ಪ್ಸಿಕಾರ್ಡ್ ಕೆಟ್ಟಿದೆ ಎಂದು ಬಾಖ್ ಹೇಳಿದ ಮೇಲೆ ಎರಡನ್ನೂ ಸರಿಪಡಿಸಿಕೊಡಲು ಅವರು ಒಪ್ಪಿದರು. ಪ್ರಕಟಣೆ ಮತ್ತೆ ಅಚ್ಚಾಯಿತು.

ಇವೆಲ್ಲಕ್ಕಿಂತ ದೊಡ್ಡ ಜಗಳ ಹತ್ತಿದ್ದು 1736ರಲ್ಲಿ. ಕ್ಯಾಂಟರನು ಏಕಕಾಲದಲ್ಲಿ ನಾಲ್ಕು ಕಡೆ ಇರಲಾರನಾದ್ದರಿಂದ ಒಂದೊಂದು ಮೇಳವನ್ನೂ ಹಿರಿಯ ವಿದ್ಯಾರ್ಥಿಯೊಬ್ಬನು ನಡೆಸುತ್ತಿದ್ದನು. ಶಾಲೆಯ ಮುಖ್ಯಾಧಿಕಾರಿಯಾಗಿದ್ದ ತರುಣ ವಿದ್ವಾಂಸ ಎರ್ನೆಸ್ಟಿಯು ಬಾಖ್‌ಗೆ ಒಪ್ಪಿಗೆಯಿಲ್ಲದ ಹುಡುಗನೊಬ್ಬನನ್ನು ಮೊದಲನೆಯ ಮೇಳದ ಮುಖಂಡನಾಗಿ ನೇಮಿಸಿಬಿಟ್ಟನು. ಬಾಖ್ ಸಭೆಗೆ ಕಾಗದದ ಮೇಲೆ ಕಾಗದ ಬರೆದನು. ಆಗಸ್ಟ್ 15ರ ಕಾಗದದಲ್ಲಿ ಒಂದು ಮಾತು ಬರುತ್ತದೆ: ಮೊದಲನೆಯ ಮೇಳದ ಕೃತಿಗಳು ಬಹುಪಾಲು ತನ್ನವೇ, ಎರಡನೆಯ ಮೇಳದವಕ್ಕಿಂತ ಹೋಲಿಸಲಾಗದಷ್ಟು ಕಠಿಣವಾದವು, ಎರಡನೆಯದಕ್ಕೆ ಕೃತಿಗಳನ್ನು ಆರಿಸುವಾಗ ತಾನು ಹಾಡುವವರ ಶಕ್ತಿಯನ್ನೇ ಮುಖ್ಯವಾಗಿ ನೋಡಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಕೋಪದಲ್ಲಿ ಬರೆದ ಕಾಗದವಾದರೂ ಅದರೊಳಗೆ ಅಭಿಮಾನವೂ ನೋವೂ ಒಂದಾಗಿ ಬೆರೆತಿವೆ. ತಾನು ಬರೆಯಬಲ್ಲದ್ದು ಯಾವುದು, ತನ್ನ ಹುಡುಗರು ಹಾಡಬಲ್ಲದ್ದು ಯಾವುದು ಎಂಬುದರ ನಡುವಣ ಅಂತರವನ್ನು ಬಾಖ್‌ನಷ್ಟು ಬಲ್ಲವರು ಯಾರು?

ಅಂತರವನ್ನು ಮರೆಯಲು ಆತನಿಗೆ ಒಂದು ತಾಣವಿತ್ತು. 1729ರಿಂದ ಆತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಗೀತ ಸಂಘವೊಂದನ್ನು ನಡೆಸುತ್ತಿದ್ದನು. ಜಿಮ್ಮರ್‌ಮನ್ನನ ಕಾಫಿ ಅಂಗಡಿಯಲ್ಲಿ ಅವರ ಕಛೇರಿ. ಅಲ್ಲಿ ಸೇರುತ್ತಿದ್ದವರು ಹಾಡಬೇಕೆಂಬ ಆಸೆಯಿಂದಲೇ ಬಂದವರು. ಬೇಡವಾದವರನ್ನು ಯಾರೂ ಹೇರುತ್ತಿರಲಿಲ್ಲ. ಕಾಫಿಯ ಚಟ ಹಿಡಿದ ಮಗಳನ್ನು ತಂದೆ ಗದರಿಸುವ ವಿನೋದದ ಕಂಟಾಟವನ್ನು ಅದೇ ಬಾಖ್ ಬರೆದನೆಂದರೆ ಚರ್ಚಿನ ಮಹಡಿಯಲ್ಲಿ ಆತನ ಗಂಟುಮುಖವನ್ನು ಕಂಡವರು ನಂಬುತ್ತಿದ್ದರೋ ಇಲ್ಲವೋ!

ಇನ್ನು ಆ ಹಾಳೆಗಳ ಕಥೆ. ಬಾಖ್‌ನ ಕಂಟಾಟಗಳು ಹೆಚ್ಚುಕಡಮೆ ಎಲ್ಲವೂ ಕೈಬರಹದಲ್ಲಿಯೇ ಉಳಿದವು. ಹೆಂಡತಿ ಅನ್ನಾ ಮಗ್ದಲೇನಾ, ಮಕ್ಕಳು, ಶಿಷ್ಯರು ಕೂತು ಒಂದೊಂದು ಎಳೆಯನ್ನೂ ಬೇರೆ ಬೇರೆ ಹಾಳೆಗೆ ಇಳಿಸುತ್ತಿದ್ದರು. ಹಾಗೆ ಉಳಿದುಬಂದ ಕಟ್ಟುಗಳಲ್ಲಿ ಸಾಮಾನ್ಯವಾಗಿ ಎಳೆಗೆ ಒಂದೇ ಹಾಡುಹಾಳೆ. ಇದನ್ನು ಹಿಡಿದು ಜೋಶುವಾ ರಿಫ್ಕಿನ್ ಎಂಬ ಅಮೆರಿಕದ ವಿದ್ವಾಂಸನು 1981ರಲ್ಲಿ ಒಂದು ಬಾಂಬನ್ನೇ ಎಸೆದನು: ಎಳೆಗೆ ಮೂವರಲ್ಲ, ಒಬ್ಬನೇ ಹಾಡುತ್ತಿದ್ದನು ಎಂದು. ಮೂವರು ಒಂದೇ ಹಾಳೆಗೆ ತಲೆ ಚಾಚಿ ಹಾಡಬಾರದೇಕೆ ಎಂದು ಎದುರಾಳಿಗಳು ಕೇಳಿದರು. ವಾದ ಇಂದಿಗೂ ಮುಗಿದಿಲ್ಲ. ಅದರಿಂದಾಗಿ ಇಂದು ಒಂದೇ ಕಂಟಾಟವನ್ನು ನಾಲ್ವರಿಂದಲೂ ಕೇಳಬಹುದು, ನಲವತ್ತು ಮಂದಿಯಿಂದಲೂ ಕೇಳಬಹುದು.

1789ರಲ್ಲಿ ಮೊಟ್ಸಾರ್ಟ್ ಲೈಪ್‌ಜಿಗ್ಗಿಗೆ ಬಂದಾಗ ಅದೇ ಶಾಲೆಯ ಹುಡುಗರು ಬಾಖ್‌ನ ಎರಡು ಗುಂಪುಗಳ ಮೊಟೆಟ್ ಒಂದನ್ನು ಹಾಡಿ ತೋರಿಸಿದರು. ಆ ವೇಳೆಗೆ ಬಾಖ್ ಸತ್ತು 39 ವರ್ಷ. ಪೂರ್ಣಲಿಪಿ ಕೇಳಿದರೆ ಇಲ್ಲ. ಇದ್ದದ್ದು ಎಳೆಗೊಂದರಂತೆ ಬಿಡಿ ಹಾಳೆಗಳು. ಮೊಟ್ಸಾರ್ಟ್ ಅವುಗಳನ್ನು ಕೈಯಲ್ಲಿ, ತೊಡೆಯ ಮೇಲೆ, ಪಕ್ಕದ ಕುರ್ಚಿಗಳ ಮೇಲೆ ಹರಡಿಕೊಂಡು, ಎಲ್ಲವನ್ನೂ ಓದಿ ಮುಗಿಸುವವರೆಗೆ ಮೇಲೇಳಲಿಲ್ಲವೆಂದು ರೋಕ್ಲಿಟ್ಸ್ ಎಂಬ ಲೇಖಕನು ಬರೆದಿಟ್ಟಿದ್ದಾನೆ.

ಇಂದಿನ ಮೇಳದ ಗುರುವಿಗೆ ಹಾಳೆಯ ಬರವಿಲ್ಲ. ಬಾಖ್‌ನ ಸಮಗ್ರ ಕೃತಿಗಳನ್ನು ಅಚ್ಚುಹಾಕಲೆಂದು 1850ರಲ್ಲಿ ಹುಟ್ಟಿದ ಸಂಘವು ಆ ಕೆಲಸವನ್ನು ಶತಮಾನದ ಕೊನೆಗೆ ಮುಗಿಸಿತು. ಹಳೆಯ ಕೃತಿಗಳ ಲಿಪಿ ಈಗ ಬೆಲೆಯಿಲ್ಲದೆಯೂ ದೊರೆಯುತ್ತದೆ. ಬದುಕಿರುವ ರಚನಕಾರನದನ್ನು ಮಾತ್ರ ತಲೆಗೊಂದರಂತೆ ಕೊಳ್ಳಬೇಕು. ಒಂದನ್ನು ಕೊಂಡು ನಲವತ್ತು ಪ್ರತಿ ತೆಗೆಯುವುದು ಕಳ್ಳತನವೇ. ಆದರೂ ಗುರುವು ಮೊದಲು ಎಣಿಸುವುದು ಹಣವನ್ನಲ್ಲ, ಟೆನರುಗಳನ್ನು. ಎಲ್ಲ ದೇಶಗಳ ಹವ್ಯಾಸಿ ಮೇಳಗಳಲ್ಲಿಯೂ ಆ ದನಿಗೇ ಬಡತನ. ಅದಕ್ಕಾಗಿಯೇ ಗಂಡಸರೆಲ್ಲರನ್ನೂ ಒಂದೇ ಎಳೆಗೆ ಸೇರಿಸಿ ಮೂರೇ ಎಳೆಗಳಲ್ಲಿ ಬರೆದ ಕೃತಿಗಳು ಮಾರುಕಟ್ಟೆಯಲ್ಲಿವೆ. ಅನುಭವವಿಲ್ಲದವನು ಹಾಳೆಯಲ್ಲಿ ಅತ್ಯಂತ ಮೇಲಿನ ಸ್ವರ ಯಾವುದೆಂದು ನೋಡುತ್ತಾನೆ. ಪಳಗಿದವನು ದನಿ ಹೆಚ್ಚು ಹೊತ್ತು ಯಾವ ಎತ್ತರದಲ್ಲಿ ನಿಂತಿರಬೇಕೆಂಬುದನ್ನು ನೋಡುತ್ತಾನೆ. ಒಂದು ಸಲ ಬೆಟ್ಟ ಹತ್ತುವುದು ಬೇರೆ, ಬೆಟ್ಟದ ಮೇಲೆ ಸಂಸಾರ ಹೂಡುವುದು ಬೇರೆ. ಕಛೇರಿಯ ಮೇಳಕ್ಕೆ ಒಂದು ಕೃತಿಯ ಅಭ್ಯಾಸಕ್ಕೆ ತಿಂಗಳುಗಳಿವೆ. ಚರ್ಚಿನ ಮೇಳಕ್ಕಾದರೋ ಮುಂದಿನ ಭಾನುವಾರ ಬಾಗಿಲಲ್ಲೇ ನಿಂತಿರುತ್ತದೆ.

ಬಾಖ್‌ನ ನಾಲ್ಕನೆಯ ಮೇಳ ಹಾಡುತ್ತಿದ್ದ ಆ ಸರಳ ಕೊರಾಲ್ ಮಟ್ಟುಗಳು ಕಡಲು ದಾಟಿ ಕನ್ನಡನಾಡಿಗೂ ಬಂದವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಪಾದ್ರಿಗಳು ಜರ್ಮನ್ ಸಭಾಗೀತೆಗಳಿಗೆ ಕನ್ನಡದ ಸಾಹಿತ್ಯ ಹೊಂದಿಸಿದರು. ಮಟ್ಟು ಅಲ್ಲಿಯದು, ಮಾತು ಇಲ್ಲಿಯದು. ಕೊರಾಲಿನಲ್ಲಿ ಸಾಮಾನ್ಯವಾಗಿ ಒಂದು ಸ್ವರಕ್ಕೆ ಒಂದು ಅಕ್ಷರ. ಕನ್ನಡದ ಲಘು ಗುರುಗಳು ಆ ಅಳತೆಗೆ ಎಲ್ಲೆಡೆಯೂ ಒಗ್ಗುವುದಿಲ್ಲ. ಹ್ರಸ್ವಾಕ್ಷರವನ್ನು ಎಳೆದು ದೀರ್ಘ ಮಾಡಬೇಕು, ಇಲ್ಲವೆ ಬೇರೆ ಮಾತನ್ನು ಹುಡುಕಬೇಕು. ಮುಂದೆ ನಿಘಂಟುಕಾರನೆಂದು ಹೆಸರಾದ ಕಿಟ್ಟೆಲ್ ಮತ್ತೊಂದು ದಾರಿ ಹಿಡಿದನು. 1862ರಲ್ಲಿ ಪ್ರಕಟವಾದ ತನ್ನ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಪದ್ಯವಾಗಿ ಕಟ್ಟಿದನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದನು.