ಬೈಸಿಕಲ್ಲಿಗೂ ಒಂದು ದಾರಿ ಬೇಡವೆ?

ಬೆಳಗಿನ ನಾಲ್ಕೂವರೆ ಗಂಟೆ. ಹೋಟೆಲಿನ ಒಲೆ ಹೊತ್ತಬೇಕಾದರೆ ಅದಕ್ಕೆ ಮೊದಲೇ ಕೆಲಸಗಾರನೊಬ್ಬನು ಕತ್ತಲೆಯಲ್ಲಿ ಬೈಸಿಕಲ್ಲು ತುಳಿಯುತ್ತ ಬರಬೇಕು. ಗಿರಾಕಿಗೆ ಇಡ್ಲಿಯ ಬಿಸಿ ತಿಳಿಯುತ್ತದೆಯೇ ಹೊರತು, ಅದನ್ನು ಬೇಯಿಸಿದವನು ಎಷ್ಟು ಮೋಟಾರುಗಳಿಂದ ತಪ್ಪಿಸಿಕೊಂಡು ಬಂದನೆಂಬುದು ತಿಳಿಯದು.

ಪುಣೆಯು ಒಂದು ಕಾಲದಲ್ಲಿ ಬೈಸಿಕಲ್ಲುಗಳ ನಗರವೆಂದೇ ಪ್ರಸಿದ್ಧವಾಗಿದ್ದಿತು. ವಿದ್ಯಾರ್ಥಿಗೂ ಗುಮಾಸ್ತನಿಗೂ ಕಾರ್ಖಾನೆಯ ಕೆಲಸಗಾರನಿಗೂ ಅದೊಂದೇ ವಾಹನ. ಬಳಿಕ ಸ್ಕೂಟರುಗಳೂ ಕಾರುಗಳೂ ಹೆಚ್ಚಿದುವು. ಬೀದಿಗಳು ಅವುಗಳ ಪಾಲಾದುವು. ಇದನ್ನು ಸರಿಪಡಿಸುವ ಯತ್ನ ನಡೆಯದೆ ಇಲ್ಲ. ಕೆಲವು ಹೆದ್ದಾರಿಗಳ ಪಕ್ಕದಲ್ಲಿ ಸೈಕಲ್ ಪಥಗಳು ನಿರ್ಮಾಣವಾದುವು. 2017ರಲ್ಲಿ ಮಹಾನಗರಪಾಲಿಕೆಯು ಇಡೀ ನಗರಕ್ಕಾಗಿ ಸೈಕಲ್ ಯೋಜನೆಯೊಂದನ್ನು ಅಂಗೀಕರಿಸಿತು. ಆದರೆ ಪಥವು ನಡುವೆ ತುಂಡಾದರೆ, ಅದರ ಮೇಲೆ ವಾಹನಗಳು ಬಂದು ನಿಂತರೆ, ಸವಾರನು ಮರಳಿ ಮೋಟಾರುಗಳ ನಡುವೆಯೇ ಇಳಿಯಬೇಕಲ್ಲವೆ?

ಹೈದರಾಬಾದಿನಲ್ಲಿ 2023ರಲ್ಲಿ ಹೊರವರ್ತುಲ ರಸ್ತೆಯ ಬದಿಗೆ, ಸೌರ ಫಲಕಗಳ ನೆರಳಿನಲ್ಲಿ, ಸುಮಾರು 23 ಕಿಲೋಮೀಟರ್ ಉದ್ದದ ಪಥವನ್ನು ತೆರೆದರು. ಸೊಗಸಾದ ಕಾರ್ಯವೇ ಸರಿ. ಆದರೆ ಊರ ಹೊರಗಿನ ಪಥವು ವಿಹಾರಕ್ಕೆ ಒದಗುವಷ್ಟು ದುಡಿಮೆಗೆ ಒದಗದು. ಬಡವನ ದಾರಿಯು ಅವನ ಕೋಣೆಯಿಂದ ಕೆಲಸದ ಬಾಗಿಲಿನವರೆಗೆ ಅಖಂಡವಾಗಿರಬೇಕು.

ಇಂದು ಸೈಕಲ್ಲಿಗೆ ಹೆಸರಾದ ಹಾಲೆಂಡ್ ದೇಶವೂ ಹುಟ್ಟುತ್ತಲೇ ಹಾಗಿರಲಿಲ್ಲ. ಅಲ್ಲಿ 1971ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರು ರಸ್ತೆಗಳಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದರು. 1973ರಲ್ಲಿ ತೈಲದ ಅಭಾವವೂ ಒದಗಿತು. ಆ ಬಳಿಕವೇ ಮೋಟಾರಿನ ದಾರಿಯಿಂದ ಬೇರ್ಪಟ್ಟ ಪಥಗಳು ನಗರ ನಗರಗಳಲ್ಲಿ ಬೆಳೆದುವು.

ಬಣ್ಣದ ಗೆರೆಯೊಂದೇ ಸಾಲದೆಂಬುದಕ್ಕೆ ಕಾರಣ ಸ್ಪಷ್ಟ. ವೇಗವು ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಮಡಿಯಾಗುತ್ತದೆ. ಗೆರೆಯು ಕಾರನ್ನು ತಡೆಯದು. ಎತ್ತರಿಸಿದ ಅಂಚುಗಲ್ಲು ತಡೆದೀತು. ವೇಗವಾದ ರಸ್ತೆಯಲ್ಲಿ ಪಥವು ಬೇರೆಯಾಗಬೇಕು. ಕಿರುಬೀದಿಯಲ್ಲಿ ಕಾರಿನ ವೇಗವೇ ತಗ್ಗಬೇಕು.

ಸವಾರರಿಗೂ ಕರ್ತವ್ಯವುಂಟು. ಮುಂದೆ ದೀಪ, ಹಿಂದೆ ಕೆಂಪು ಪ್ರತಿಫಲಕ ಇರಲಿ. ಎದುರು ದಿಕ್ಕಿನಲ್ಲಿ ಹೋಗಬಾರದು. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದೀತು. ಒಂದು ಮಾರು ದೂರವಿರಬೇಕು.

ರಸ್ತೆಯು ಸಾರ್ವಜನಿಕರ ಸ್ವತ್ತು. ಕಾರುಳ್ಳವನಿಗೆ ಅದರಲ್ಲಿ ಪಾಲಿದೆ. ನಸುಕಿನಲ್ಲಿ ಸೈಕಲ್ಲು ತುಳಿಯುವವನ ಪಾಲು ಅದಕ್ಕಿಂತ ಕಡಿಮೆಯದೇನೂ ಅಲ್ಲ.